ಬಂದ ಮೇಲೆ, ಮೇಜಿನ ಮೇಲೆ: ಇಂಗ್ಲಿಷ್‌ನ ಸಣ್ಣ ಪದಗಳಿಗೆ ಕನ್ನಡದ ದಾರಿ

ಕಳೆದ ತಿಂಗಳು ಬಸವನಗುಡಿಯ ಒಂದು ಸಣ್ಣ ಹಾಲ್‌ನಲ್ಲಿ ಭಾನುವಾರ ಸಂಜೆ ಮಾತಾಡಿದ್ದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಬಂದವರು ನಲವತ್ತರ ಹತ್ತಿರ ಇದ್ದರು. ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಹುಡುಗ ಹುಡುಗಿಯರು, ಮಕ್ಕಳ ಹೋಂವರ್ಕ್ ನೋಡುವ ಅಮ್ಮಂದಿರು, ಇಬ್ಬರು ಆಟೋ ಓಡಿಸುವವರು, ಒಬ್ಬರು ಬಸ್ ಕಂಡಕ್ಟರ್. ಮಾತಿನ ನಡುವೆ ಅವರು ಕೇಳಿದ್ದನ್ನೂ ಸೇರಿಸಿದ್ದೇನೆ, ಯಾಕಂದ್ರೆ ಒಳ್ಳೆಯ ವಿಷಯ ಜಾಸ್ತಿ ಅಲ್ಲಿಂದಲೇ ಬಂತು.

ಮೊದಲು ಬೋರ್ಡ್ ಮೇಲೆ ಎರಡು ಸಾಲು ಬರೆದೆ. ಕನ್ನಡದಲ್ಲೇ.

ಪುಸ್ತಕ ಮೇಜಿನ ಮೇಲೆ ಇದೆ.
ಅಣ್ಣ ಬಂದ ಮೇಲೆ ಊಟ ಮಾಡೋಣ.

ಎರಡರಲ್ಲೂ 'ಮೇಲೆ' ಇದೆ. ಮೊದಲನೆಯದರಲ್ಲಿ ಅದು ಒಂದು ವಸ್ತುವಿನ ಹಿಂದೆ ನಿಂತಿದೆ. ಎರಡನೆಯದರಲ್ಲಿ ಒಂದು ಇಡೀ ಘಟನೆಯ ಹಿಂದೆ ನಿಂತಿದೆ. ಅಣ್ಣ ಬರುವುದು ಒಂದು ಘಟನೆ ತಾನೇ? ಚಿಕ್ಕಂದಿನಿಂದ ಇದನ್ನು ದಿನಾ ಮಾಡುತ್ತಿದ್ದೇವೆ, ಯಾರೂ ಹೇಳಿಕೊಟ್ಟಿಲ್ಲ. 'ತನಕ' ನೋಡಿ. ಸಂಜೆ ತನಕ, ನೀನು ಬರುವ ತನಕ. 'ಮುಂಚೆ' ನೋಡಿ. ಊಟಕ್ಕೆ ಮುಂಚೆ, ಊಟ ಮಾಡುವ ಮುಂಚೆ. ಒಂದೇ ಪದ ಹೆಸರಿಗೂ, ಅಂದರೆ ನಾಮಪದಕ್ಕೂ, ಅಂಟುತ್ತದೆ, ಕ್ರಿಯೆಗೂ ಅಂಟುತ್ತದೆ.

ಇಂಗ್ಲಿಷ್‌ನಲ್ಲಿ ಹೆಸರಿನ ಜೊತೆ ಬರುವ ಪ್ರಿಪೊಸಿಷನ್ ಬೇರೆ, ವಾಕ್ಯಗಳನ್ನು ಜೋಡಿಸುವ ಕಂಜಂಕ್ಷನ್ ಬೇರೆ ಅಂತ ಶಾಲೆಯಲ್ಲಿ ಎರಡು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಆಮೇಲೆ ಆಫ್ಟರ್, ಬಿಫೋರ್, ಸಿನ್ಸ್, ಅಂಟಿಲ್ ಈ ನಾಲ್ಕು ಎರಡೂ ಪಟ್ಟಿಯಲ್ಲಿ ಕಾಣಿಸುತ್ತವೆ. ಮಕ್ಕಳಿಗೆ ತಲೆ ಕೆಡುತ್ತದೆ. ಕೆಡಲೇಬೇಕು, ಅವರ ತಪ್ಪಲ್ಲ. ನಾನು ಹದಿನೆಂಟು ವರ್ಷದಿಂದ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ, 'ಕನ್ನಡ ಮರೆತು ಇಂಗ್ಲಿಷ್‌ನಲ್ಲೇ ಯೋಚನೆ ಮಾಡಿ' ಅನ್ನುವ ಸಲಹೆ ಎಷ್ಟು ಜನರ ಬಾಯಿ ಕಟ್ಟಿಹಾಕಿದೆ ಅಂತ ಕಣ್ಣಾರೆ ನೋಡಿದ್ದೇನೆ. ನಿಮ್ಮ ಕನ್ನಡದ ಕಿವಿಗೆ ಈ ವಿಷಯ ಮುಕ್ಕಾಲು ಭಾಗ ಆಗಲೇ ಗೊತ್ತು. ಉಳಿದ ಕಾಲು ಭಾಗ ಎಲ್ಲಿ ಬೇರೆ ಅಂತ ತಿಳಿದುಕೊಂಡರೆ ಸಾಕು. ಆ ಕಾಲು ಭಾಗದ ಬಗ್ಗೆಯೇ ಅವತ್ತು ಮಾತಾಡಿದ್ದು.

ಮೊದಲನೆಯ ವ್ಯತ್ಯಾಸ ಜಾಗದ್ದು. ನಾವು ಹಿಂದೆ ಅಂಟಿಸುತ್ತೇವೆ, ಅವರು ಮುಂದೆ ಇಡುತ್ತಾರೆ. ಮೇಜಿನ ಮೇಲೆ, ಆನ್ ದ ಟೇಬಲ್. ಇದು ಎಲ್ಲರಿಗೂ ಗೊತ್ತು, ಇಲ್ಲಿ ಯಾರೂ ಎಡವುವುದಿಲ್ಲ.

ಎಡವುವುದು ಎರಡನೆಯದರಲ್ಲಿ. 'ಅಣ್ಣ ಬಂದ ಮೇಲೆ' ಅನ್ನುವಾಗ ನಾವು ಕ್ರಿಯಾಪದವನ್ನು ಸ್ವಲ್ಪ ಮುರಿಯುತ್ತೇವೆ. 'ಬಂದನು' ಅನ್ನುವುದು 'ಬಂದ' ಆಗುತ್ತದೆ. ಯಾರು ಬಂದರು ಅಂತ ಹೇಳುವ ಬಾಲ ಉದುರಿಹೋಗುತ್ತದೆ. ಅಣ್ಣ ಬಂದ ಮೇಲೆ, ಅಕ್ಕ ಬಂದ ಮೇಲೆ, ಮಕ್ಕಳು ಬಂದ ಮೇಲೆ, ಎಲ್ಲಕ್ಕೂ ಅದೇ 'ಬಂದ'. ಇಂಗ್ಲಿಷ್ ಹಾಗೆ ಮುರಿಯುವುದಿಲ್ಲ. ವಾಕ್ಯವನ್ನು ಇಡಿಯಾಗಿ ಹಾಗೇ ಇಟ್ಟು, ಅದರ ತಲೆಯ ಮೇಲೆ ಒಂದು ಪದ ಕೂರಿಸುತ್ತದೆ. ಹಿ ಕೇಮ್ ಅನ್ನುವುದು ಪೂರ್ತಿ ವಾಕ್ಯ. ಅದರ ಮುಂದೆ ಆಫ್ಟರ್ ಇಟ್ಟರೆ ಆಫ್ಟರ್ ಹಿ ಕೇಮ್. ಅಷ್ಟೇ. 'ಆಫ್ಟರ್ ಹಿ ಕಮಿಂಗ್' ಅಂತ ನಮ್ಮಲ್ಲಿ ಎಷ್ಟೊಂದು ಜನ ಹೇಳುತ್ತಾರಲ್ಲ, ಅದು ಅಜ್ಞಾನದಿಂದ ಬಂದದ್ದಲ್ಲ. ಕನ್ನಡದ ನಾಲಿಗೆ ಅಲ್ಲಿ ಕ್ರಿಯೆಯನ್ನು ಮುರಿಯಲೇಬೇಕು ಅಂತ ಹುಡುಕುತ್ತದೆ, ಸಿಕ್ಕಿದ ಇಂಗ್ ರೂಪವನ್ನು ತಂದು ಹಾಕುತ್ತದೆ.

ಹಾಗಾದರೆ ಆಫ್ಟರ್ ಈಟಿಂಗ್ ಅಂತಾರಲ್ಲ ಸಾರ್, ಅದು ತಪ್ಪಾ ಅಂತ ಮುಂದಿನ ಸಾಲಿನ ಹುಡುಗ ಕೇಳಿದ. ತಪ್ಪಲ್ಲ. ಅದಕ್ಕೂ ಕನ್ನಡದಲ್ಲೇ ಒಂದು ಪರೀಕ್ಷೆ ಇದೆ. 'ನಾನು ಊಟ ಮಾಡಿ ಹೊರಟೆ.' ಇದು ಸರಿ ಅನ್ನಿಸುತ್ತದೆ. 'ನಾನು ಊಟ ಮಾಡಿ ಬಸ್ ಬಂತು.' ಇದು ಕಿವಿಗೆ ಚುಚ್ಚುತ್ತದೆ ಅಲ್ವಾ? ಊಟ ಮಾಡಿದ್ದು ನಾನು, ಬಂದದ್ದು ಬಸ್, 'ಮಾಡಿ' ಅನ್ನುವ ರೂಪ ಇಬ್ಬರನ್ನು ಹೊರುವುದಿಲ್ಲ. ಅದಕ್ಕೇ 'ಊಟ ಮಾಡಿದ ಮೇಲೆ ಬಸ್ ಬಂತು' ಅನ್ನುತ್ತೇವೆ. ಇಂಗ್ಲಿಷ್‌ನಲ್ಲೂ ಹಾಗೆಯೇ. ಎರಡೂ ಕೆಲಸ ಒಬ್ಬರೇ ಮಾಡಿದ್ದರೆ ಆಫ್ಟರ್ ಈಟಿಂಗ್, ಐ ಲೆಫ್ಟ್ ಅನ್ನಬಹುದು. ಮಾಡಿದವರು ಬೇರೆ ಬೇರೆ ಆದರೆ ಪೂರ್ತಿ ವಾಕ್ಯ ಬೇಕು. ಆಫ್ಟರ್ ಐ ಏಟ್, ದ ಬಸ್ ಕೇಮ್. ಇಲ್ಲದಿದ್ದರೆ ಬಸ್ಸೇ ಊಟ ಮಾಡಿದ ಹಾಗೆ ಆಗುತ್ತದೆ.

ಆಗ ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. 'ಮಳೆ ಬಂದು ಕೆರೆ ತುಂಬಿತು ಅಂತೀವಲ್ಲ? ಬಂದದ್ದು ಮಳೆ, ತುಂಬಿದ್ದು ಕೆರೆ.' ಅವರ ಮಾತು ನಿಜ. ಕರೆಂಟ್ ಹೋಗಿ ಲಿಫ್ಟ್ ನಿಂತಿತು ಅಂತಲೂ ಹೇಳುತ್ತೇವೆ. ಮೊದಲನೆಯದು ಎರಡನೆಯದಕ್ಕೆ ಕಾರಣ ಆದರೆ, ಅದೂ ಮನುಷ್ಯರು ಬೇಕೂಂತ ಮಾಡಿದ ಕೆಲಸ ಅಲ್ಲದಿದ್ದರೆ, ಕನ್ನಡ ಬೇರೆ ಬೇರೆ ಕರ್ತೃಗಳನ್ನು ಒಪ್ಪಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಅಲ್ಲಿಗೆ ಸುಮ್ನೆ ಒಂದು ಆಂಡ್ ಸಾಕು. ಇಟ್ ರೇನ್ಡ್ ಆಂಡ್ ದ ಲೇಕ್ ಫಿಲ್ಡ್. ಅವರು ಕೇಳದಿದ್ದರೆ ನಾನು ಈ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋಗುತ್ತಿದ್ದೆ, ಅದಕ್ಕೆ ಅವರಿಗೆ ಇಲ್ಲಿ ಇನ್ನೊಮ್ಮೆ ಥ್ಯಾಂಕ್ಸ್.

ಈಗ ಕಾರಣದ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಎಲ್ಲರೂ ದಿನಾ ಹೇಳುವ ಕಾರಣ ಒಂದೇ. ಟ್ರಾಫಿಕ್‌ನಿಂದ ಲೇಟಾಯಿತು. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಇದ್ದದ್ದರಿಂದ ಲೇಟಾಯಿತು. ಎರಡರ ಕೊನೆಯಲ್ಲೂ 'ಇಂದ' ಇದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ. ಬಿಕಾಸ್ ಆಫ್ ಟ್ರಾಫಿಕ್, ಬಿಕಾಸ್ ದೇರ್ ವಾಸ್ ಟ್ರಾಫಿಕ್. ಮುಂದೆ ಬರುವುದು ಬರೀ ಹೆಸರಾದರೆ ಆಫ್ ಬೇಕು. ಪೂರ್ತಿ ವಾಕ್ಯವಾದರೆ ಆಫ್ ಬೇಡ. ನಮ್ಮವರು ಹೇಳುವ 'ಬಿಕಾಸ್ ಆಫ್ ದೇರ್ ವಾಸ್ ಟ್ರಾಫಿಕ್' ಎರಡನ್ನೂ ಕಲಸಿದ್ದು.

ಆದರೆ 'ಇದ್ದದ್ದರಿಂದ' ಅನ್ನುವ ಪದವನ್ನು ಒಂದು ನಿಮಿಷ ಬಿಚ್ಚಿ ನೋಡಿ, ನನಗೆ ಇದು ತುಂಬಾ ಇಷ್ಟ. 'ಟ್ರಾಫಿಕ್ ಇತ್ತು' ಅನ್ನುವುದು ವಾಕ್ಯ. ವಾಕ್ಯಕ್ಕೆ ವಿಭಕ್ತಿ ಹಚ್ಚಲು ಬರುವುದಿಲ್ಲ, ವಿಭಕ್ತಿ ಹತ್ತುವುದು ಹೆಸರಿಗೆ ಮಾತ್ರ. ಅದಕ್ಕೇ ಕನ್ನಡ ಏನು ಮಾಡುತ್ತದೆ ಅಂದರೆ ಇಡೀ ವಾಕ್ಯವನ್ನು 'ಇದ್ದದ್ದು' ಅಂತ ಒಂದು ಹೆಸರಾಗಿ ಮಾಡಿ, ಅದಕ್ಕೆ 'ಇಂದ' ಹಚ್ಚುತ್ತದೆ. ಆ 'ದ್ದು' ಒಂದು ಗೂಟ ಇದ್ದ ಹಾಗೆ. ಅದಕ್ಕೆ ಏನು ಬೇಕಾದರೂ ನೇತು ಹಾಕಬಹುದು. ಇದ್ದದ್ದಕ್ಕೆ, ಇದ್ದದ್ದರಲ್ಲಿ, ಇದ್ದದ್ದನ್ನು.

ಹಳೆಯ ಇಂಗ್ಲಿಷ್‌ನಲ್ಲೂ ಇಂಥದ್ದೇ ಒಂದು ಗೂಟ ಇತ್ತು. ಅದು ದಟ್. 1611ರ ಕಿಂಗ್ ಜೇಮ್ಸ್ ಬೈಬಲ್ ಅನ್ನುವ ಇಂಗ್ಲಿಷ್ ಅನುವಾದದಲ್ಲಿ ಆಫ್ಟರ್ ದಟ್ ಅಂತ ಶುರುವಾಗಿ ಅದರ ಮುಂದೆ ಪೂರ್ತಿ ವಾಕ್ಯ ಬರುವ ಸಾಲುಗಳು ಇವೆ. ಬಿಕಾಸ್ ದಟ್ ಕೂಡ ಇದೆ. ಅಂದರೆ ಆಫ್ಟರ್ ಮೂಲದಲ್ಲಿ ಹೆಸರಿನ ಮುಂದೆ ನಿಲ್ಲುವ ಪದ. ದಟ್ ಅನ್ನುವ ಗೂಟ ಹಿಡಿದುಕೊಂಡು ವಾಕ್ಯದ ಮುಂದೆಯೂ ನಿಲ್ಲತೊಡಗಿತು. ಕಾಲ ಕಳೆದ ಹಾಗೆ ಗೂಟ ಉದುರಿಹೋಯಿತು, ಆಫ್ಟರ್ ಮಾತ್ರ ಅಲ್ಲೇ ಉಳಿಯಿತು. ಒಂದೇ ಪದ ಎರಡೂ ಪಟ್ಟಿಯಲ್ಲಿ ಕಾಣಿಸುವುದಕ್ಕೆ ಇದೇ ದೊಡ್ಡ ಕಾರಣ. 'ಆದರೂ' ಅನ್ನಲು ಇನ್ ಸ್ಪೈಟ್ ಆಫ್ ದ ಫ್ಯಾಕ್ಟ್ ದಟ್ ಅಂತ ಆಫೀಸ್ ಮೇಲ್‌ಗಳಲ್ಲಿ ಉದ್ದಕ್ಕೆ ಬರೆಯುತ್ತಾರಲ್ಲ, ಅಲ್ಲಿನ ದ ಫ್ಯಾಕ್ಟ್ ದಟ್ ಅನ್ನುವುದು ನಮ್ಮ 'ದ್ದು' ಮಾಡುವ ಕೆಲಸವನ್ನೇ ಮಾಡುತ್ತಿದೆ. ಅರ್ಥ ಆಗಲಿ ಅಂತ ಹೇಳಿದೆ. ಬರೆಯುವಾಗ ಆಲ್ದೋ ಒಂದೇ ಸಾಕು.

ಬಿಕಾಸ್ ಅನ್ನುವ ಪದ ಹುಟ್ಟಿದ್ದೂ ಹೀಗೇ. ಬೈ ಅನ್ನುವುದಕ್ಕೆ ಕಾಸ್, ಅಂದರೆ ಕಾರಣ, ಸೇರಿ ಬಿಕಾಸ್. 'ಕಾರಣದಿಂದ' ಅಂತ ಕನ್ನಡದಲ್ಲಿ ಹೇಳಿದ ಹಾಗೇ ಇದೆ. ವೈಲ್ ಮೊದಲು 'ಹೊತ್ತು' ಅನ್ನುವ ಅರ್ಥದ ಹೆಸರು. ಕನ್ಸರ್ನಿಂಗ್ ಒಂದು ಕ್ರಿಯಾಪದದಿಂದ ಬಂದದ್ದು, ನಮ್ಮ 'ಕುರಿತು' ಕೂಡ ಕ್ರಿಯಾಪದದಿಂದಲೇ ಬಂದದ್ದು. 'ಅವನನ್ನು ಬಿಟ್ಟು ಎಲ್ಲರೂ ಬಂದರು' ಅನ್ನುವಾಗ ಯಾರೂ ಯಾರನ್ನೂ ಕೈಯಿಂದ ಬಿಟ್ಟಿಲ್ಲ, ಅಲ್ಲಿ 'ಬಿಟ್ಟು' ಸಣ್ಣ ಪದವಾಗಿದೆ. ಇಂಗ್ಲಿಷ್‌ನಲ್ಲಿ ಅದಕ್ಕೆ ಎವ್ರಿವನ್ ಬಟ್ ಹಿಮ್ ಅನ್ನುತ್ತಾರೆ. ಬಟ್ ಅಂದರೆ 'ಆದರೆ' ಅಂತ ಮಾತ್ರ ಕಲಿತವರಿಗೆ ಇದು ವಿಚಿತ್ರ ಅನ್ನಿಸಬಹುದು. ಬಟ್ ಪದದ ಹಳೆಯ ಅರ್ಥ 'ಹೊರಗೆ, ಹೊರತು' ಅಂತಲೇ.

ಈ ಎರಡು ಪಟ್ಟಿಯ ಗೋಡೆ ಒಡೆಯಬೇಕು ಅಂತ ಹೇಳುತ್ತಿರುವವನು ನಾನೊಬ್ಬನೇ ಅಲ್ಲ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ 1924ರಲ್ಲೇ ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಬೇಕು ಅಂತ ವಾದಿಸಿದ್ದರು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅನ್ನುವ ಭಾಷಾವಿಜ್ಞಾನಿಗಳು ಹೊರತಂದ ಕೇಂಬ್ರಿಡ್ಜ್‌ನ ದೊಡ್ಡ ವ್ಯಾಕರಣದಲ್ಲಿ ಆಫ್ಟರ್, ಬಿಫೋರ್, ಸಿನ್ಸ್ ಎಲ್ಲವನ್ನೂ ಪ್ರಿಪೊಸಿಷನ್ ಅಂತಲೇ ಎಣಿಸಿದ್ದಾರೆ, ಮುಂದೆ ಹೆಸರು ಬರಲಿ, ವಾಕ್ಯ ಬರಲಿ. ಶಾಲೆಯ ಪುಸ್ತಕಗಳು ಇನ್ನೂ ಹಳೆಯ ದಾರಿಯಲ್ಲೇ ಇವೆ. ಪರೀಕ್ಷೆಗೆ ಕೂರುವ ಮಕ್ಕಳು ಪುಸ್ತಕದ ಹಾಗೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ.

ಹಳೆಯ ಇಂಗ್ಲಿಷ್‌ಗೆ ವಿಭಕ್ತಿಯೂ ಇತ್ತು ಅಂದಾಗ ಹಾಲ್‌ನಲ್ಲಿ ಬಹಳ ಜನ ಆಶ್ಚರ್ಯಪಟ್ಟರು. ಸಾವಿರ ವರ್ಷದ ಹಿಂದೆ ಅವರು ಕಲ್ಲಿಗೆ ಸ್ಟಾನ್ ಅನ್ನುತ್ತಿದ್ದರು. ಕಲ್ಲಿನ ಅನ್ನಲು ಸ್ಟಾನೆಸ್, ಕಲ್ಲುಗಳಿಗೆ ಅನ್ನಲು ಸ್ಟಾನುಮ್. ನಮ್ಮ ಹಾಗೇ ಬಾಲ ಹಚ್ಚುತ್ತಿದ್ದರು. 1066ರಲ್ಲಿ ಫ್ರಾನ್ಸ್‌ನಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರದ ಎರಡು ಮೂರು ಶತಮಾನಗಳಲ್ಲಿ ಈ ಬಾಲಗಳು ಸವೆದು ಹೋದವು. ಅದಕ್ಕೆ ಮುಂಚೆಯೇ ಸವೆಯಲು ಶುರುವಾಗಿತ್ತು. ಅವುಗಳ ಕೆಲಸವನ್ನು ಆಫ್, ಟು, ಬೈ, ವಿತ್ ಮುಂತಾದವು ಹೊತ್ತುಕೊಂಡವು. ಒಂದು ಬಾಲ ಮಾತ್ರ ಇವತ್ತಿಗೂ ಉಳಿದಿದೆ. ರಾಮಾಸ್ ಹೌಸ್ ಅನ್ನುವಾಗ ಬರುವ ಎಸ್. ನಮ್ಮ ಷಷ್ಠಿ ವಿಭಕ್ತಿ ಅದು.

ಇನ್ನು 'ಇಂದ'ದ ಇನ್ನೊಂದು ಮುಖ. ಬೋರ್ಡ್ ಮೇಲೆ ಒಂದೇ ವಾಕ್ಯ ಬರೆದು ಇಂಗ್ಲಿಷ್‌ಗೆ ತನ್ನಿ ಅಂದೆ. 'ಎರಡು ಗಂಟೆಯಿಂದ ಕಾಯುತ್ತಿದ್ದೇನೆ.' ಅರ್ಧ ಜನ ಸಿನ್ಸ್ ಟೂ ಒಕ್ಲಾಕ್ ಅಂದರು, ಅರ್ಧ ಜನ ಫಾರ್ ಟೂ ಅವರ್ಸ್ ಅಂದರು. ಇಬ್ಬರೂ ಸರಿ! ಕನ್ನಡದಲ್ಲಿ 'ಎರಡು ಗಂಟೆ' ಅಂದರೆ ಗಡಿಯಾರದ ಎರಡು ಗಂಟೆಯೂ ಹೌದು, ಎರಡು ತಾಸಿನ ಹೊತ್ತೂ ಹೌದು. ಸಂದರ್ಭ ನೋಡಿ ನಾವು ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಬಾಯಿಬಿಟ್ಟು ಹೇಳಿಸುತ್ತದೆ. ಶುರುವಾದ ಗಳಿಗೆಯನ್ನು ಹೇಳಿದರೆ ಸಿನ್ಸ್, ಕಳೆದ ಹೊತ್ತಿನ ಅಳತೆ ಹೇಳಿದರೆ ಫಾರ್. 'ಸಿನ್ಸ್ ಟೂ ಅವರ್ಸ್' ಯಾಕೆ ನಮ್ಮ ಬಾಯಿಗೆ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ. ಕನ್ನಡದ ಒಂದೇ 'ಇಂದ' ಎರಡನ್ನೂ ಹೊತ್ತಿದೆ. ಸುಲಭದ ಉಪಾಯ: 'ಎಷ್ಟು ಹೊತ್ತು' ಅನ್ನುವ ಪ್ರಶ್ನೆಗೆ ಉತ್ತರವಾದರೆ ಫಾರ್, 'ಯಾವಾಗಿನಿಂದ' ಅನ್ನುವುದಕ್ಕೆ ಉತ್ತರವಾದರೆ ಸಿನ್ಸ್. ಸಿನ್ಸ್ ಮುಂದೆ ವಾಕ್ಯವನ್ನೂ ಇಡಬಹುದು, ಸಿನ್ಸ್ ಐ ಕೇಮ್ ಟು ಬೆಂಗಳೂರು. 'ಬೆಂಗಳೂರಿಗೆ ಬಂದಾಗಿನಿಂದ.'

ಬೆಂಗಳೂರಿನ ಮಾತು ಬಂತು, ಹಾಗಾಗಿ ಇನ್ನೊಂದು. ನಮ್ಮ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ. ಇಂದಿರಾನಗರದಲ್ಲಿ ಹುಟ್ಟಿ ಬೆಳೆದವರೊಬ್ಬರು ಹೇಳಿದರು, 'ಮೆಟ್ರೊ ಬರುವ ಮುಂಚಿನಿಂದಲೂ ಇಲ್ಲೇ ಇದ್ದೇನೆ, ಇದನ್ನು ಹೇಗೆ ಹೇಳಲಿ?' 'ಮುಂಚಿನಿಂದ' ಅಂದರೆ ಮುಂಚೆ, ಅದಕ್ಕೆ ಇಂದ. ಇಂಗ್ಲಿಷ್‌ನಲ್ಲಿ ಸಿನ್ಸ್ ಬಿಫೋರ್ ದ ಮೆಟ್ರೊ ಕೇಮ್. ಎರಡು ಸಣ್ಣ ಪದ ಒಂದರ ಪಕ್ಕ ಒಂದು ನಿಂತಿವೆ, ತಪ್ಪೇನೂ ಇಲ್ಲ. ಸಾಲನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ತಿರುಗಿಸಿದರೆ ಆಯಿತು. ನಮ್ಮ ಕೊನೆಯದು ಅವರ ಮೊದಲನೆಯದು. ಮೇಜಿನ ಕೆಳಗಿನಿಂದ, ಫ್ರಮ್ ಅಂಡರ್ ದ ಟೇಬಲ್. ಪರದೆಯ ಹಿಂದಿನಿಂದ, ಫ್ರಮ್ ಬಿಹೈಂಡ್ ದ ಕರ್ಟನ್. ಅವರು ಖುಷಿಯಿಂದ ಆ ವಾಕ್ಯವನ್ನು ತಮ್ಮ ಫೋನ್‌ನಲ್ಲಿ ಬರೆದುಕೊಂಡರು.

ಅಂಗಡಿ ಬೋರ್ಡ್‌ಗಳಲ್ಲಿ ನೋಡಿರುತ್ತೀರಿ, 'ಕ್ಲೋಸ್ಡ್ ಬಿಟ್ವೀನ್ ಒನ್ ಟು ಥ್ರೀ.' ಇದು ಎರಡು ಜೋಡಿ ಮುರಿದು ಆದ ತಪ್ಪು. ಬಿಟ್ವೀನ್‌ಗೆ ಆಂಡ್ ಜೋಡಿ, ಫ್ರಮ್‌ಗೆ ಟು ಜೋಡಿ. ಕನ್ನಡದಲ್ಲಿ ನಾವು ಇವನ್ನು ಎಂದೂ ಕಲಸುವುದಿಲ್ಲ. 'ಒಂದರಿಂದ ಮೂರರವರೆಗೆ' ಅನ್ನುತ್ತೇವೆ, 'ಚಲ್ಲಘಟ್ಟಕ್ಕೂ ವೈಟ್‌ಫೀಲ್ಡ್‌ಗೂ ನಡುವೆ ಮೆಟ್ರೊದ ನೇರಳೆ ಮಾರ್ಗ' ಅನ್ನುತ್ತೇವೆ. ಆ ಕ್ಕೂ, ಗೂ ಅನ್ನುವುದರ ಕೊನೆಯ 'ಊ'ನೇ ಆಂಡ್. ನಾವು ಅದನ್ನು ಎರಡೂ ಕಡೆ ಹಚ್ಚುತ್ತೇವೆ, ಅವರು ನಡುವೆ ಒಂದೇ ಸಲ ಇಡುತ್ತಾರೆ. ಬಿಟ್ವೀನ್ ಚಲ್ಲಘಟ್ಟ ಆಂಡ್ ವೈಟ್‌ಫೀಲ್ಡ್.

ಆಂಡ್ ಬರುವ ಇನ್ನೊಂದು ಕಡೆಯೂ ಎಚ್ಚರ ಬೇಕು. ಇಂಟರ್‌ವ್ಯೂಗೆ ಹೋಗುವ ಹುಡುಗಿಯೊಬ್ಬಳು ತನ್ನ ಪರಿಚಯ ಓದಿದಳು. 'ಐ ಆಮ್ ಇಂಟರೆಸ್ಟೆಡ್ ಆಂಡ್ ಗುಡ್ ಇನ್ ಅಕೌಂಟ್ಸ್.' ಅವಳ ತಲೆಯಲ್ಲಿದ್ದ ಕನ್ನಡ ಸರಿಯಾಗೇ ಇತ್ತು, ಅಕೌಂಟ್ಸ್‌ನಲ್ಲಿ ಆಸಕ್ತಿಯೂ ಇದೆ, ಹಿಡಿತವೂ ಇದೆ. ಒಂದೇ 'ಅಲ್ಲಿ' ಎರಡಕ್ಕೂ ಸಾಕು. ಇಂಗ್ಲಿಷ್‌ನಲ್ಲಿ ಇಂಟರೆಸ್ಟೆಡ್‌ಗೆ ಇನ್ ಬೇಕು, ಗುಡ್‌ಗೆ ಆಟ್ ಬೇಕು, ಅದಕ್ಕೇ ಎರಡನ್ನೂ ಹೇಳಬೇಕು. ಇಂಟರೆಸ್ಟೆಡ್ ಇನ್ ಆಂಡ್ ಗುಡ್ ಆಟ್ ಅಕೌಂಟ್ಸ್. ಇನ್ ಆದ ತಕ್ಷಣ ಆಂಡ್ ಬರುವುದು ನಮ್ಮ ಕಿವಿಗೆ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ, ಆದರೆ ಅದೇ ಸರಿ. ಬೇಡ ಅನ್ನಿಸಿದರೆ ಬಿಡಿಸಿ ಹೇಳಿ: ಐ ಆಮ್ ಇಂಟರೆಸ್ಟೆಡ್ ಇನ್ ಅಕೌಂಟ್ಸ್ ಆಂಡ್ ಗುಡ್ ಆಟ್ ಇಟ್. ಎರಡಕ್ಕೂ ಒಂದೇ ಪ್ರಿಪೊಸಿಷನ್ ಆದರೆ ಒಂದೇ ಸಲ ಸಾಕು, ಇನ್ ಮೈಸೂರು ಆಂಡ್ ಮಂಡ್ಯ.

'ಆಲ್ದೋ ಇಟ್ ರೇನ್ಡ್, ಬಟ್ ಐ ವೆಂಟ್.' ಈ ತಪ್ಪನ್ನು ಎಲ್ಲ ಟೀಚರ್‌ಗಳೂ ತಿದ್ದುತ್ತಾರೆ, ಯಾಕೆ ಬರುತ್ತದೆ ಅಂತ ಹೇಳುವುದಿಲ್ಲ. ಕನ್ನಡದಲ್ಲಿ 'ಮಳೆ ಬಂದರೂ ಹೋದೆ.' ಇಲ್ಲಿ ಕೀಲು ಯಾವುದು? 'ರೂ'. ಅದು ಸರಿಯಾಗಿ ಎರಡು ತುಂಡುಗಳ ನಡುವೆ ಕೂತಿದೆ. ಇಂಗ್ಲಿಷ್‌ನ ಆಲ್ದೋ ಆ ಕೀಲನ್ನು ಮೊದಲೇ, ವಾಕ್ಯದ ತಲೆಗೆ ಹಾಕಿಬಿಡುತ್ತದೆ. ನಾವು ಮಾತಾಡುತ್ತಾ ನಡುವಿಗೆ ಬರುತ್ತೇವೆ, ಅಲ್ಲಿ ಖಾಲಿ. ಕೀಲು ಬಿಟ್ಟುಹೋಗಿದೆ ಅನ್ನಿಸುತ್ತದೆ, ಒಂದು ಬಟ್ ತುಂಬುತ್ತೇವೆ. 'ಆಸ್ ಇಟ್ ವಾಸ್ ರೇನಿಂಗ್, ಸೋ' ಅನ್ನುವುದೂ ಇದೇ ಕಥೆ. ನಡುವೆ ಖಾಲಿ ಬಿಡಲು ಧೈರ್ಯ ಬರದಿದ್ದರೆ ಆಲ್ದೋ ಬಿಟ್ಟು ಬಟ್ ಇಟ್ಟುಕೊಳ್ಳಿ. ಇಟ್ ರೇನ್ಡ್, ಬಟ್ ಐ ವೆಂಟ್. ಒಂದು ಕೀಲು ಸಾಕು. 'ಮಳೆಯಲ್ಲೂ ಹೋದೆ' ಅಂತ ಬರೀ ಹೆಸರಾದರೆ ಡಿಸ್ಪೈಟ್ ದ ರೇನ್. ಡಿಸ್ಪೈಟ್ ಮುಂದೆ ಆಫ್ ಬೇಡ. ಆಫ್ ಬೇಕಾದದ್ದು ಇನ್ ಸ್ಪೈಟ್‌ಗೆ.

ಡಿಸ್ಕಸ್ ಅಬೌಟ್ ಬಗ್ಗೆ ಕೇಳಿದರು. ಡಿಸ್ಕಸ್‌ನೊಳಗೆ 'ಬಗ್ಗೆ' ಆಗಲೇ ಇದೆ, ಬೇಡ. ಇನ್ ದ ಕಾರ್, ಆನ್ ದ ಬಸ್ ಯಾಕೆ ಅಂತಲೂ ಕೇಳಿದರು. ಒಳಗೆ ಎದ್ದು ನಡೆದಾಡುವ ಬಸ್ಸು, ರೈಲು, ವಿಮಾನಕ್ಕೆ ಆನ್. ಬಗ್ಗಿ ಕೂರುವ ಕಾರು, ಆಟೋಗೆ ಇನ್. ಅದು ರೂಢಿ, ಅಷ್ಟರಲ್ಲೇ ಮುಗಿಸುತ್ತೇನೆ.

ತನಕ, ಒಳಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನನಗೆ ಇದರಿಂದ ನಷ್ಟ ಆಗಿದೆ. ಮೊದಲ ಕೆಲಸದಲ್ಲಿದ್ದಾಗ ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಹೊರಟೆ. ರಜೆಯ ಚೀಟಿಯಲ್ಲಿ 'ಆನ್ ಲೀವ್ ಟಿಲ್ ಮಂಡೇ' ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು 'ಸೋಮವಾರದ ತನಕ ರಜೆ', ಅಂದರೆ ಸೋಮವಾರವೂ ರಜೆ, ಮಂಗಳವಾರ ಬರುತ್ತೇನೆ. ಓದಿದವರು ಸೋಮವಾರ ಬರುತ್ತೇನೆ ಅಂತ ತಿಳಿದುಕೊಂಡರು. ಒಂದು ದಿನದ ಸಂಬಳ ಹೋಯಿತು, ಅದಕ್ಕಿಂತ ಜಾಸ್ತಿ, ಹೇಳದೆ ಕೇಳದೆ ಗೈರುಹಾಜರಾದವನು ಅನ್ನುವ ಮಾತು ಉಳಿಯಿತು. ಟಿಲ್, ಅಂಟಿಲ್ ಇಂಗ್ಲಿಷ್‌ನಲ್ಲಿ ಕೊನೆಯ ದಿನ ಸೇರಿತೋ ಇಲ್ಲವೋ ಅಂತ ಸ್ಪಷ್ಟ ಹೇಳುವುದಿಲ್ಲ. ಅದಕ್ಕೇ ಕಾನೂನು ಪತ್ರಗಳಲ್ಲಿ ಅಪ್ ಟು ಆಂಡ್ ಇನ್‌ಕ್ಲೂಡಿಂಗ್ ಅಂತ ಬರೆಯುತ್ತಾರೆ. ಒಂದು ಪ್ರಿಪೊಸಿಷನ್, ನಡುವೆ ಕಂಜಂಕ್ಷನ್, ಇನ್ನೊಂದು ಪ್ರಿಪೊಸಿಷನ್. 'ಆ ದಿನವೂ ಸೇರಿ.' ರಜೆ ಚೀಟಿಗೆ ಇಷ್ಟು ಬೇಡ. 'ಐ ವಿಲ್ ಬಿ ಬ್ಯಾಕ್ ಆನ್ ಟ್ಯೂಸ್‌ಡೇ' ಅಂತ ಒಂದು ಸಾಲು ಸೇರಿಸಿ.

'ಐದು ಗಂಟೆಯೊಳಗೆ ಮುಗಿಸಿ' ಅನ್ನುವುದಕ್ಕೆ 'ಫಿನಿಶ್ ಅಂಟಿಲ್ ಫೈವ್' ಅಂತ ಬರೆಯುತ್ತಾರೆ. ಕನ್ನಡವನ್ನು ಕೇಳಿ, ಅದೇ ದಾರಿ ತೋರಿಸುತ್ತದೆ. ಬಾಯಿಗೆ 'ಒಳಗೆ' ಬಂದರೆ ಬೈ. 'ತನಕ' ಬಂದರೆ ಅಂಟಿಲ್. 'ಐದು ಗಂಟೆ ತನಕ ಮುಗಿಸಿ' ಅಂತ ಯಾರಾದರೂ ಹೇಳುತ್ತಾರಾ?

ಕೊನೆಗೆ ಕಂಡಕ್ಟರ್ ಕೈ ಎತ್ತಿದರು. ಅಷ್ಟು ಹೊತ್ತು ಸುಮ್ಮನೆ ಬರೆದುಕೊಳ್ಳುತ್ತಿದ್ದರು. 'ಬಸ್ ನಿಂತ ಮೇಲೆ ಇಳಿಯಿರಿ ಅಂತ ದಿನಕ್ಕೆ ನೂರು ಸಲ ಹೇಳಬೇಕು. ಕನ್ನಡ ಬಾರದವರು ಜಾಸ್ತಿ ಇರುತ್ತಾರೆ. ನಾನು ಆಫ್ಟರ್ ಬಸ್ ಸ್ಟಾಪ್ಡ್ ಅಂತೀನಿ. ಸರಿಯಾ?'

ಅವತ್ತಿನ ಒಳ್ಳೆಯ ಪ್ರಶ್ನೆ ಇದೇ. 'ನಿಂತ' ಅನ್ನುವುದು ನೋಡಲು ಭೂತಕಾಲ. ಆದರೆ ಬಸ್ ಇನ್ನೂ ನಿಂತಿಲ್ಲ, ನಿಲ್ಲಬೇಕಷ್ಟೇ. ಕನ್ನಡದ ಈ 'ನಿಂತ' ನಿನ್ನೆ ಇವತ್ತಿನ ಲೆಕ್ಕ ಹೇಳುವುದಿಲ್ಲ, ಇಳಿಯುವ ಹೊತ್ತಿಗೆ ನಿಲ್ಲುವುದು ಮುಗಿದಿರಬೇಕು ಅಂತ ಹೇಳುತ್ತದೆ. 'ನಾಳೆ ನೀನು ಬಂದ ಮೇಲೆ ಹೇಳುತ್ತೇನೆ' ಅಂತ ನಾಳೆಗೂ 'ಬಂದ' ಹಾಕುತ್ತೇವಲ್ಲ, ಹಾಗೆ. ಇಂಗ್ಲಿಷ್‌ನಲ್ಲಿ ಮುಂದೆ ಆಗುವುದರ ಬಗ್ಗೆ ಹೇಳುವಾಗ ಆಫ್ಟರ್, ಬಿಫೋರ್, ಅಂಟಿಲ್, ವೆನ್ ಇವುಗಳ ಮುಂದಿನ ವಾಕ್ಯ ವರ್ತಮಾನ ಕಾಲದಲ್ಲಿ ಇರುತ್ತದೆ. ಸ್ಟಾಪ್ಡ್ ಅಲ್ಲ, ವಿಲ್ ಸ್ಟಾಪ್ ಕೂಡ ಅಲ್ಲ. ಸ್ಟಾಪ್ಸ್. ಗೆಟ್ ಡೌನ್ ಆಫ್ಟರ್ ದ ಬಸ್ ಸ್ಟಾಪ್ಸ್.

ಅವರು ಮೂರು ಸಲ ಹೇಳಿದರು. ಮೊದಲ ಸಲ ಕೊನೆಯ ಎಸ್ ಬಿಟ್ಟುಹೋಯಿತು. ಎರಡನೇ ಸಲ ಎಸ್ ಬಂತು, ದ ಬಿಟ್ಟುಹೋಯಿತು. ಮೂರನೆಯ ಸಲ ಎರಡೂ ಬಂದವು. ಪಕ್ಕದ ಆಟೋ ಡ್ರೈವರ್ ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಕೂರಲಿಲ್ಲ. ಪೆನ್ ಇಟ್ಟು, ಕಿಟಕಿ ಕಡೆ ನೋಡುತ್ತಾ, ತಾವೇ ಒಂದೊಂದೇ ಪದ ಜೋಡಿಸಿ ಇನ್ನೊಂದು ವಾಕ್ಯ ಹೇಳಿದರು. 'ಡೋಂಟ್ ಸ್ಟ್ಯಾಂಡ್ ನಿಯರ್ ದ ಡೋರ್ ಬಿಫೋರ್ ದ ಬಸ್ ಸ್ಟಾಪ್ಸ್.' ನಿಯರ್ ಮುಂದೆ ಹೆಸರು, ಬಿಫೋರ್ ಮುಂದೆ ಪೂರ್ತಿ ವಾಕ್ಯ. ಅದನ್ನು ಹಾಗೇ ಬೋರ್ಡ್ ಮೇಲೆ ಬರೆದೆ.